ಪರಿಮಳಕ್ಕಿಂತ ಮೊದಲು ಪಾತ್ರೆ

ಜೆರುಸಲೇಮಿನಲ್ಲಿ ಇವತ್ತು ತಲೆನೋವಿನ ಮಾತ್ರೆ ಬೇಕಾದವರು ಹುಡುಕುವುದು 'ಬೇತ್ ಮಿರ್ಕಹತ್' ಎಂಬ ಫಲಕವನ್ನು. ಬೇತ್ ಎಂದರೆ ಮನೆ. ಮಿರ್ಕಹತ್ ಬಹಳ ಹಳೆಯ ಮಾತು. ಹೀಬ್ರೂ ಬೈಬಲ್ಲಿನಲ್ಲಿ ಅದು ಅಭಿಷೇಕ ತೈಲಕ್ಕೆ ಬಳಕೆಯಾದ ಪದ. ಅದನ್ನು ಹದಮಾಡುವವನು 'ರೋಕೇಅಹ್'. ಅಂದಿನ ಗಂಧಿಗನ ಹೆಸರೇ ಇಂದಿನ ಔಷಧ ತಯಾರಕನಿಗೂ ನಿಂತಿದೆ.

ನಾವು ಕನ್ನಡದಲ್ಲಿ 'ಪರಿಮಳ ತೈಲ' ಎಂದಾಗ ಮೂಗಿಗೆ ಬಡಿಯುವುದು ವಾಸನೆ. ಆದರೆ ರ-ಕ-ಹ ಎಂಬ ಆ ಧಾತುವಿನಲ್ಲಿ ನನಗೆ ಕಾಣುವುದು ಕೈಕೆಲಸ: ಕುಟ್ಟುವುದು, ಬೆರೆಸುವುದು, ಕುದಿಸುವುದು. ಯೆಹೆಜ್ಕೇಲನ ಪುಸ್ತಕದಲ್ಲಿ ಇದೇ ಧಾತು ಮಾಂಸ ಬೇಯುವ ಹಂಡೆಯ ಪಕ್ಕದಲ್ಲಿ ಬರುತ್ತದೆ. ಯೋಬನ ಗ್ರಂಥದಲ್ಲಿ ಮಹಾಜಂತು ಕಡಲನ್ನು ಕಲಕುವ ಬಗೆಗೆ ಹೋಲಿಕೆಯಾಗುವುದು ಲೇಪನದ ಪಾತ್ರೆ. ಅರಸ ನಿಮ್ಮ ಹೆಣ್ಣುಮಕ್ಕಳನ್ನು ಕರೆದೊಯ್ಯುವನು ಎಂದು ಸಮುವೇಲ ಎಚ್ಚರಿಸುವಾಗ ಗಂಧ ತಯಾರಿಸುವವರು, ಅಡುಗೆಯವರು, ರೊಟ್ಟಿ ಸುಡುವವರು ಒಂದೇ ಉಸಿರಿನಲ್ಲಿ ಬರುತ್ತಾರೆ. ಮೂವರದೂ ಒಲೆಯ ಮುಂದಿನ ದುಡಿಮೆ.

ವಿಮೋಚನಕಾಂಡದ 30ನೇ ಅಧ್ಯಾಯದಲ್ಲಿ ತೈಲದ ಲೆಕ್ಕವೇ ಇದೆ: ರಕ್ತಬೋಳ 500 ಶೆಕೆಲ್, ದಾಲ್ಚಿನ್ನಿ 250, ಹಲವರು ಬಜೆ ಎಂದು ಗುರುತಿಸುವ ಸುಗಂಧದ ದಂಟು 250, ಲವಂಗಚಕ್ಕೆ 500. ಶೆಕೆಲ್ಲಿಗೆ ಸುಮಾರು 11 ಗ್ರಾಂ ಹಿಡಿದರೂ 16 ಕಿಲೋ ದಾಟುತ್ತದೆ. ಇಷ್ಟಕ್ಕೆ ಎಣ್ಣೆ ಒಂದೇ ಹಿನ್, ಕೆಲವೇ ಲೀಟರು. ಬೇರು-ತೊಗಟೆಗಳೇ ಎಣ್ಣೆಯನ್ನೆಲ್ಲ ಹೀರಿಬಿಡುವುದಿಲ್ಲವೇ? ತಾಲ್ಮೂದಿನ ಪಂಡಿತರೂ ಇದನ್ನೇ ಚರ್ಚಿಸಿದರು. ಬೇರುಗಳನ್ನು ಎಣ್ಣೆಯಲ್ಲೇ ಕುದಿಸಿದರು ಎಂದರು ರಬ್ಬಿ ಯೆಹೂದ. ರಬ್ಬಿ ಯೋಸೆ ಒಪ್ಪಲಿಲ್ಲ: ಆ ಎಣ್ಣೆ ಬೇರುಗಳಿಗೆ ಸವರಲೂ ಸಾಲದು, ಮೊದಲು ನೀರಲ್ಲಿ ನೆನೆಸಿ, ಮೇಲೆ ಎಣ್ಣೆ ಸುರಿದು, ಅದು ಗಂಧ ಹೀರಿಕೊಂಡ ಮೇಲೆ ತೆಗೆದರು. ಪಾತ್ರೆಯ ಮುಂದೆ ನಿಂತವರ ಹಾಗೆ ಯೋಚಿಸಿದ ಈ ರಬ್ಬಿಯ ಮೇಲೆ ನನಗೆ ವಿಶೇಷ ಪ್ರೀತಿ.

ಪರಿಮಳವೂ ಮದ್ದೂ ಒಂದೇ ಮನೆಯಲ್ಲಿರುವುದು ನಮಗೂ ಹೊಸದಲ್ಲ. ಹಳೇ ಮೈಸೂರಿನ ಕಡೆಯ ಗ್ರಂಧಿಗೆ ಅಂಗಡಿಯಲ್ಲಿ ಪೂಜೆಯ ಧೂಪ, ಬಾಣಂತಿಯ ಕಷಾಯದ ಬೇರು ಎರಡೂ ಸಿಗುತ್ತವೆ.

ದೇವಾಲಯದ ಧೂಪವನ್ನೂ ಬೈಬಲ್ ಇದೇ ಧಾತುವಿನಿಂದ ಕರೆಯುತ್ತದೆ. ಎರಡನೇ ದೇವಾಲಯದ ಕಾಲದಲ್ಲಿ ಅದನ್ನು ತಯಾರಿಸುತ್ತಿದ್ದುದು ಅವ್ತಿನಾಸ್ ಮನೆತನ. ವಿದ್ಯೆಯನ್ನು ಹೊರಗಿನವರಿಗೆ ಕಲಿಸಲು ಅವರು ಒಪ್ಪಲಿಲ್ಲ. ಅಲೆಕ್ಸಾಂಡ್ರಿಯಾದಿಂದ ಕುಶಲರನ್ನು ಕರೆಸಿದರೂ ಹೊಗೆ ಇವರದರಂತೆ ನೆಟ್ಟಗೆ ಏಳಲಿಲ್ಲವಂತೆ. ಅದೇ ಮನೆಯ ಮದುಮಗಳು ಮಾತ್ರ ಒಂದು ಹನಿ ಸುಗಂಧವನ್ನೂ ಪೂಸಿಕೊಳ್ಳದೆ ಹಸೆಗೆ ಏರುತ್ತಿದ್ದಳು, ದೇವರ ಧೂಪವನ್ನೇ ಮೈಗೆ ಬಳಿದುಕೊಂಡಳೆಂದು ಯಾರೂ ಅನ್ನಬಾರದೆಂದು.