ಟಾರ್ಕ್ ಕನ್ವರ್ಟರ್: ನಿಂತ ಗಾಡಿಯನ್ನು ಹೊರಡಿಸುವ ಲೆಕ್ಕ

ಟಾರ್ಕ್ ಕನ್ವರ್ಟರ್ ಎಂದರೆ ಎಂಜಿನ್ನಿಗೂ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೂ ನಡುವೆ ಕೂರುವ, ಒಳಗೆ ಎಣ್ಣೆ ತುಂಬಿದ ದುಂಡನೆಯ ಉಕ್ಕಿನ ಡಬ್ಬಿ. ಕ್ಲಚ್ ಇರುವ ಗಾಡಿಯಲ್ಲಿ ತಟ್ಟೆಗಳು ಒಂದನ್ನೊಂದು ಒತ್ತಿಕೊಂಡು ಶಕ್ತಿಯನ್ನು ದಾಟಿಸುತ್ತವೆ. ಇಲ್ಲಿ ಆ ಕೆಲಸ ಎಣ್ಣೆಯದು. ಎಂಜಿನ್ ಜೊತೆ ತಿರುಗುವ ಪಂಪ್ ಎಣ್ಣೆಯನ್ನು ಎರಚುತ್ತದೆ. ಎದುರಿಗಿರುವ ಟರ್ಬೈನ್ ಆ ರಭಸಕ್ಕೆ ತಿರುಗಿ ಗೇರ್‌ಬಾಕ್ಸಿನ ಶಾಫ್ಟನ್ನು ತಿರುಗಿಸುತ್ತದೆ. ಇವೆರಡರ ಮಧ್ಯೆ ಸ್ಟೇಟರ್ ಎಂಬ ಮೂರನೆಯ ರೆಕ್ಕೆಚಕ್ರವಿದೆ. ಟರ್ಬೈನಿನಿಂದ ಮರಳುವ ಎಣ್ಣೆಯನ್ನು ಅದು ಪಂಪ್ ತಿರುಗುವ ದಿಕ್ಕಿಗೇ ಹೊರಳಿಸುವುದರಿಂದ, ಗಾಡಿ ನಿಂತಿರುವಾಗ ಎಂಜಿನ್ ಕೊಟ್ಟ ಟಾರ್ಕ್ ಸುಮಾರು ಎರಡು ಪಟ್ಟಾಗಿ ಗೇರ್‌ಬಾಕ್ಸಿಗೆ ಸೇರುತ್ತದೆ. ಟರ್ಬೈನಿನ ವೇಗ ಪಂಪಿನ ವೇಗದ ಶೇ 85ರಿಂದ 90ರಷ್ಟನ್ನು ಮುಟ್ಟಿದಾಗ ಈ ಹೆಚ್ಚಳ ನಿಂತು, ಸ್ಟೇಟರ್ ಎಣ್ಣೆಯೊಂದಿಗೆ ಸುಮ್ಮನೆ ತಿರುಗತೊಡಗುತ್ತದೆ. ಜರ್ಮನಿಯ ಹರ್ಮನ್ ಫೊಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಕಾರಿಗಾಗಿ ಅಲ್ಲ, ಹಡಗಿಗಾಗಿ. ಅಮೆರಿಕದ ಬ್ಯೂಕ್ ಕಾರುಗಳಿಗೆ ಅದು ಬಂದದ್ದು 1948ರಲ್ಲಿ.

ಯಾದಗಿರಿ, ಶಹಾಪುರ, ಸುರಪುರಗಳ ರಸ್ತೆಯಲ್ಲಿ ಓಡುವ ಕಾರುಗಳಲ್ಲಿ ಬಹುಪಾಲು ಕ್ಲಚ್ಚಿನವೇ. ಆದರೆ ಕನ್ವರ್ಟರ್ ದುಡಿಯುವುದನ್ನು ನೋಡದವರು ಈ ಸೀಮೆಯಲ್ಲಿ ವಿರಳ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಭತ್ತದ ಗದ್ದೆ ಸಮ ಮಾಡುವುದಕ್ಕೂ ಹೂಳು ತೆಗೆಯುವುದಕ್ಕೂ ಬೇಕಾದ ಯಂತ್ರವೆಂದರೆ ಬ್ಯಾಕ್‌ಹೋ ಲೋಡರ್. ಯಾವ ಕಂಪನಿಯದಾದರೂ ಜನರ ಬಾಯಲ್ಲಿ ಅದು ಜೆಸಿಬಿ. ಆಪರೇಟರ್ ಮುಂದಿನ ಬಕೆಟ್ಟನ್ನು ಮಣ್ಣಿನ ಗುಡ್ಡೆಗೆ ನುಗ್ಗಿಸಿದಾಗ ಗಾಲಿಗಳು ನಿಂತುಬಿಡುತ್ತವೆ, ಎಂಜಿನ್ ಮಾತ್ರ ಬಂದ್ ಆಗುವುದಿಲ್ಲ. ನಿಂತಲ್ಲೇ ಒತ್ತಡ ಹೆಚ್ಚುತ್ತ ಹೋಗಿ ಮಣ್ಣು ಸಡಿಲುತ್ತದೆ. ಗಾಲಿ ನಿಂತು ಎಂಜಿನ್ ತಿರುಗುತ್ತಿರುವ ಈ ಸ್ಥಿತಿಗೆ ಸ್ಟಾಲ್ ಎನ್ನುತ್ತಾರೆ. ಗ್ಯಾರೇಜಿನ ಮೆಕ್ಯಾನಿಕ್ ಬ್ರೇಕ್ ಹಾಕಿ, ಗೇರಿಗೆ ತಂದು, ಕೆಲವೇ ಸೆಕೆಂಡು ಪೂರ್ತಿ ಆಕ್ಸಿಲರೇಟರ್ ಒತ್ತಿ, ಎಂಜಿನ್ ಎಷ್ಟು ಆರ್‌ಪಿಎಂನಲ್ಲಿ ನಿಲ್ಲುತ್ತದೆಂದು ನೋಡುವುದೂ ಇದನ್ನೇ. ಆ ಸಂಖ್ಯೆ ಸ್ಟಾಲ್ ಸ್ಪೀಡ್. ಡ್ರ್ಯಾಗ್ ರೇಸಿನ ಕಾರಿಗೆ ಕನ್ವರ್ಟರ್ ಆರಿಸುವುದೆಂದರೆ ಈ ಸಂಖ್ಯೆಯನ್ನು ಆರಿಸುವುದೇ.

ಡ್ರ್ಯಾಗ್ ರೇಸ್ ಎಂದರೆ ನಿಂತಲ್ಲಿಂದ ಹೊರಟು ನೇರ ಪಟ್ಟಿಯಲ್ಲಿ ಕಾಲು ಮೈಲಿ, ಅಂದರೆ 402 ಮೀಟರ್, ಮುಗಿಸುವ ಓಟ. ಭಾರತದಲ್ಲಿ ಅದು ಹೆಚ್ಚಾಗಿ ಬೈಕುಗಳ ಆಟ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಸ್ಪರ್ಧೆಗಳು ನಡೆದಿವೆ. ಸಾರ್ವಜನಿಕ ರಸ್ತೆಯಲ್ಲಿ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಪಂದ್ಯ ಕಟ್ಟುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅಪರಾಧ. ಕಾರುಗಳ ಡ್ರ್ಯಾಗ್ ಬೆಳೆದು ನಿಂತಿರುವ ಅಮೆರಿಕದಲ್ಲಿ ಬ್ರ್ಯಾಕೆಟ್ ರೇಸಿಂಗ್ ಎಂಬ ಬಗೆಯಿದೆ. ಅಲ್ಲಿ ಚಾಲಕ ತನ್ನ ಗಾಡಿ ಎಷ್ಟು ಸೆಕೆಂಡಿನಲ್ಲಿ ಗುರಿ ಮುಟ್ಟುತ್ತದೆಂದು ಮೊದಲೇ ಹೇಳಬೇಕು. ಹೇಳಿದ್ದಕ್ಕಿಂತ ಬೇಗ ಮುಟ್ಟಿದರೂ ಸೋಲು. ಹಾಗಾಗಿ ಅತಿ ವೇಗದ ಗಾಡಿಗಿಂತ ಪ್ರತಿ ಸಲವೂ ಒಂದೇ ತರಹ ಹೊರಡುವ ಗಾಡಿಗೆ ಬೆಲೆ ಹೆಚ್ಚು. ಹೊರಟ ಬಗೆ ಮೊದಲ ಅರವತ್ತು ಅಡಿಯಲ್ಲೇ ತಿಳಿದುಬಿಡುತ್ತದೆ; ಆ ದೂರದ ಸಮಯವನ್ನು ಅದಕ್ಕೇ ಪ್ರತ್ಯೇಕವಾಗಿ ಅಳೆಯುತ್ತಾರೆ.

ಕನ್ವರ್ಟರಿನ ಅಳತೆ ಸಾಮಾನ್ಯವಾಗಿ ಅದರ ವ್ಯಾಸ. ಮನೆಬಳಕೆಯ ದೊಡ್ಡ ಕಾರುಗಳಲ್ಲಿ 11, 12 ಇಂಚಿನವು, ರೇಸಿನ ಗಾಡಿಗಳಲ್ಲಿ 10, 9, 8 ಇಂಚಿನವು. ವ್ಯಾಸ ಕಿರಿದಾದಷ್ಟೂ ಎಣ್ಣೆಯ ಹಿಡಿತ ಸಡಿಲ, ಸ್ಟಾಲ್ ಎತ್ತರ. ಒಂದೇ ವಿನ್ಯಾಸದ ಕನ್ವರ್ಟರುಗಳಲ್ಲಿ ಎಣ್ಣೆ ಹೊರುವ ಟಾರ್ಕ್ ವ್ಯಾಸದ ಐದನೆಯ ಘಾತಕ್ಕೂ ವೇಗದ ವರ್ಗಕ್ಕೂ ತಕ್ಕಂತೆ ಏರುತ್ತದೆ. ಆದ್ದರಿಂದ 11 ಇಂಚಿನದನ್ನು ಬಿಚ್ಚಿ 10 ಇಂಚಿನದನ್ನು ಕೂರಿಸಿದರೆ ಸ್ಟಾಲ್ ಸುಮಾರು ಶೇ 27ರಷ್ಟು ಮೇಲೇರುತ್ತದೆ. 2,200 ಆರ್‌ಪಿಎಂ ಇದ್ದದ್ದು 2,800ರ ಹತ್ತಿರ ಬರುತ್ತದೆ. ಒಂದು ಇಂಚು ಇಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆಂದು ಮೊದಲ ಸಲ ಕೊಳ್ಳುವವರು ಎಣಿಸಿರುವುದಿಲ್ಲ. ರೆಕ್ಕೆಗಳ ಓರೆ ಮತ್ತು ಸ್ಟೇಟರಿನ ಆಕಾರ ಬದಲಿಸಿ ಅದೇ ವ್ಯಾಸದಲ್ಲೇ ಬೇರೆ ಬೇರೆ ಸ್ಟಾಲ್ ಪಡೆಯುವುದೂ ಸಾಧ್ಯ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಸ್ಟಾಲ್ ಸ್ಪೀಡ್ ಕನ್ವರ್ಟರ್ ಒಂದರದೇ ಗುಣವಲ್ಲ. ಡಬ್ಬಿಯ ಮೇಲೆ 2,500 ಎಂದು ಬರೆದಿದ್ದರೆ ಅದು ಯಾವುದೋ ಒಂದು ಎಂಜಿನ್ ಹಿಂದೆ ಅಳೆದದ್ದು. 300 ನ್ಯೂಟನ್ ಮೀಟರ್ ಟಾರ್ಕಿನಲ್ಲಿ 2,500ಕ್ಕೆ ನಿಲ್ಲುವ ಕನ್ವರ್ಟರ್ 400 ನ್ಯೂಟನ್ ಮೀಟರ್ ಬಿದ್ದಾಗ 2,900ರ ಸುಮಾರಿಗೆ ಹೋಗುತ್ತದೆ. ಆದ್ದರಿಂದ ತಯಾರಕರಿಗೆ ತಿಳಿಸಬೇಕಾದದ್ದು ಬೇಕಾದ ವ್ಯಾಸವನ್ನಲ್ಲ. ಎಂಜಿನ್ ಯಾವ ಆರ್‌ಪಿಎಂನಲ್ಲಿ ಎಷ್ಟು ಟಾರ್ಕ್ ಕೊಡುತ್ತದೆ, ಚಾಲಕನನ್ನೂ ಸೇರಿಸಿ ಗಾಡಿಯ ತೂಕವೆಷ್ಟು, ಹಿಂದಿನ ಆಕ್ಸಲ್ಲಿನ ಗೇರ್ ಅನುಪಾತವೇನು, ಟೈರಿನ ಎತ್ತರವೆಷ್ಟು ಎಂಬುದನ್ನು ತಿಳಿಸಬೇಕು. ಎಂಜಿನ್ನಿನ ಟಾರ್ಕ್ ತುತ್ತತುದಿ ಮುಟ್ಟುವ ಆರ್‌ಪಿಎಂ ಆಸುಪಾಸಿನಲ್ಲಿ ಸ್ಟಾಲ್ ಬರುವಂತೆ ಆರಿಸುವುದು ರೂಢಿ. ಗೇರ್ ಬದಲಾದಾಗ ಎಂಜಿನ್ ಅದಕ್ಕಿಂತ ತೀರ ಕೆಳಗೆ ಬೀಳಬಾರದು.

ಮುಂಗಾರಿನ ಹೊತ್ತಿಗೆ ನೆರೆಯ ರಾಯಚೂರಿನಲ್ಲಿ ಎತ್ತುಗಳಿಂದ ಭಾರದ ಕಲ್ಲು ಎಳೆಸುವ ಸ್ಪರ್ಧೆ ನಡೆಯುತ್ತದೆ. ಕಲ್ಲು ಕದಲುವ ಮೊದಲೇ ಎತ್ತಿನ ಗೊರಸು ಜಾರಿದರೆ ಎಷ್ಟು ಬಲವಿದ್ದೂ ವ್ಯರ್ಥ. ಡ್ರ್ಯಾಗ್ ಗಾಡಿಯ ಟೈರಿನ ಕಥೆಯೂ ಅದೇ. ಸ್ಟಾಲ್ ಎತ್ತರಿಸಿ, ಟಾರ್ಕಿನ ಗುಣಕವನ್ನೂ ಹೆಚ್ಚಿಸಿದ ಕನ್ವರ್ಟರ್ ಒಳ್ಳೆಯ ಹಿಡಿತದ ಪಟ್ಟಿಯಲ್ಲಿ ಅದ್ಭುತವಾಗಿ ಹೊರಡಬಹುದು. ಧೂಳು ಕೂತ ಪಟ್ಟಿಯಲ್ಲಿ ಅದೇ ಕನ್ವರ್ಟರ್ ಒಮ್ಮೆ ಟೈರ್ ಸುತ್ತಿಸುತ್ತದೆ, ಇನ್ನೊಮ್ಮೆ ಸುತ್ತಿಸುವುದಿಲ್ಲ. ಒಂದೇ ತರಹದ ಹೊರಡುವಿಕೆ ಬೇಕೆನ್ನುವವರಿಗೆ ಸ್ವಲ್ಪ ಬಿಗಿಯಾದ, ಗುಣಕ ಕಡಿಮೆಯಿರುವ ಕನ್ವರ್ಟರೇ ಮೇಲು.

ಹೊರಡುವ ರೀತಿಯೂ ಆಯ್ಕೆಯನ್ನು ತೀರ್ಮಾನಿಸುತ್ತದೆ. ಬ್ರೇಕ್ ತುಳಿದು ನಿಂತು ಎಂಜಿನ್ ಏರಿಸುವ ಗಾಡಿಯಲ್ಲಿ, ಪೂರ್ತಿ ಸ್ಟಾಲ್ ಬರುವ ಮೊದಲೇ ಗಾಲಿಗಳು ಬ್ರೇಕನ್ನು ಮೀರಿ ಜರುಗುತ್ತವೆ. ಆ ಅಂಚಿನಲ್ಲಿ ನಿಲ್ಲದೆ ಕೆಲವು ನೂರು ಆರ್‌ಪಿಎಂ ಕೆಳಗೆ, ಪ್ರತಿ ಸಲ ಒಂದೇ ಅಂಕಿಯಲ್ಲಿ ನಿಲ್ಲುವುದು ಲೇಸು. ಟ್ರಾನ್ಸ್‌ಬ್ರೇಕ್ ಇರುವ ಗಾಡಿಯಲ್ಲಿ ಮೊದಲ ಗೇರೂ ರಿವರ್ಸ್ ಗೇರೂ ಒಟ್ಟಿಗೇ ಹಿಡಿದು ಗೇರ್‌ಬಾಕ್ಸನ್ನೇ ಕಟ್ಟಿಹಾಕುತ್ತವೆ. ಚಾಲಕ ಒತ್ತಿ ಹಿಡಿದ ಅದರ ಗುಂಡಿಯನ್ನು ಬಿಟ್ಟೊಡನೆ ಗಾಡಿ ಜಿಗಿಯುತ್ತದೆ. ಚಾಲಕನ ಪಾದದ ಏರುಪೇರು ಲೆಕ್ಕಕ್ಕೆ ಬರುವುದಿಲ್ಲ.

ಬಿಸಿಲಿನ ಸೀಮೆಯಲ್ಲಿ ತಾಪವನ್ನು ಮರೆತು ಕನ್ವರ್ಟರ್ ಆರಿಸುವಂತಿಲ್ಲ. ಸ್ಟಾಲಿನಲ್ಲಿ ಎಂಜಿನ್ನಿನ ಶಕ್ತಿಯೆಲ್ಲ ಎಣ್ಣೆಯ ಬಿಸಿಯಾಗಿ ತಿರುಗುತ್ತದೆ. 300 ನ್ಯೂಟನ್ ಮೀಟರ್ ಟಾರ್ಕಿನ ಎಂಜಿನ್ 3,000 ಆರ್‌ಪಿಎಂನಲ್ಲಿ ಐದು ಸೆಕೆಂಡು ನಿಂತರೆ ಸುಮಾರು 470 ಕಿಲೊಜೂಲ್ ಶಾಖ ಹುಟ್ಟುತ್ತದೆ. ಅದೆಲ್ಲ ಎಂಟು ಲೀಟರ್ ಎಣ್ಣೆಗೇ ಸೇರಿದರೆ ಎಣ್ಣೆ 34 ಡಿಗ್ರಿಯಷ್ಟು ಕಾಯುತ್ತದೆ. ಕಾದ ಎಣ್ಣೆ ತೆಳುವಾಗಿ, ಗಾಡಿ ಹೊರಡುವ ಬಗೆಯೂ ಬದಲಾಗುತ್ತದೆ. ದೊಡ್ಡ ಆಯಿಲ್ ಕೂಲರ್ ಕೂರಿಸಿ, ಪ್ರತಿ ಓಟಕ್ಕೂ ಎಣ್ಣೆ ಒಂದೇ ತಾಪಕ್ಕೆ ಬರುವವರೆಗೆ ಕಾಯುವುದೇ ದಾರಿ. ಗಾಳಿಯದೂ ಒಂದು ಪಾಲಿದೆ. ಯಾದಗಿರಿಯ ಬೇಸಿಗೆಯ 42 ಡಿಗ್ರಿ ಗಾಳಿ 20 ಡಿಗ್ರಿಯ ಗಾಳಿಗಿಂತ ಶೇ 7ರಷ್ಟು ತೆಳು. ಟರ್ಬೊ ಇಲ್ಲದ ಎಂಜಿನ್ನಿನ ಟಾರ್ಕ್ ಅಷ್ಟೇ ಇಳಿದು, 3,500ರ ಸ್ಟಾಲ್ 3,400ಕ್ಕಿಂತ ಕೆಳಗೆ ಬರುತ್ತದೆ. ಬೆಳಗಿನ ತಂಪಿನಲ್ಲಿ ಹೇಳಿದ ಸಮಯ ಮಧ್ಯಾಹ್ನಕ್ಕೆ ಹೊಂದುವುದಿಲ್ಲ.

ಆರಿಸಿದ್ದು ಸರಿಯೇ ಎಂಬುದಕ್ಕೆ ಸಾಕ್ಷಿ ಓಟದ ಕೊನೆಯಲ್ಲಿ ಸಿಗುತ್ತದೆ. ಗುರಿಯಲ್ಲಿ ವೇಗ ಗಂಟೆಗೆ 160 ಕಿಲೊಮೀಟರ್, ಟೈರಿನ ಸುತ್ತಳತೆ 2 ಮೀಟರ್, ಆಕ್ಸಲ್ ಅನುಪಾತ 3.5, ಮೇಲಿನ ಗೇರ್ ನೇರವಾದದ್ದು ಎಂದುಕೊಂಡರೆ, ಟರ್ಬೈನ್ ಪಂಪಿಗಿಂತ ಹಿಂದುಳಿಯುವ ಜಾರಿಕೆಯಿಲ್ಲದಿದ್ದಲ್ಲಿ ಎಂಜಿನ್ 4,667 ಆರ್‌ಪಿಎಂ ತೋರಿಸಬೇಕು. ಮೀಟರಿನಲ್ಲಿ 5,000 ಕಂಡರೆ ಜಾರಿಕೆ ಶೇ 6.7, ಇದು ಒಪ್ಪುವ ಮಟ್ಟ. ಶೇ 10 ದಾಟಿದರೆ ಕನ್ವರ್ಟರ್ ಸಡಿಲವಾಯಿತೆಂದೇ ಅರ್ಥ. ಹೊರಡುವಾಗ ಗಳಿಸಿದ್ದು ಕೊನೆಯ ನೂರು ಮೀಟರಿನಲ್ಲಿ ಬಿಸಿಯಾಗಿ ಹೋಗುತ್ತಿರುತ್ತದೆ. ಆಗ ಒಂದು ಅಳತೆ ದೊಡ್ಡದನ್ನು ಕೂರಿಸಬೇಕು, ಅಥವಾ ಅದೇ ಡಬ್ಬಿಯನ್ನು ತಯಾರಕರ ಬಳಿ ಬಿಚ್ಚಿಸಿ ಬಿಗಿಯಾದ ಸ್ಟೇಟರ್ ಹಾಕಿಸಬೇಕು.