ವೃತ್ತಿಪರರೊಡನೆ ಹವ್ಯಾಸಿಗಳು ಒಂದೇ ತಂಡದಲ್ಲಿ ಗಾಲ್ಫ್ ಆಡುವುದು ಹೇಗೆ?

ಬೆಂಗಳೂರಿನ ದೊಮ್ಮಲೂರು, ಇಂದಿರಾನಗರಗಳಿಗೆ ಸಮೀಪದ ಚಲ್ಲಘಟ್ಟದಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನವಿದ್ದು, 2012ರ ಇಂಡಿಯನ್ ಓಪನ್ ಅಲ್ಲಿಯೇ ನಡೆಯಿತು. ಇಂತಹ ದೊಡ್ಡ ಪಂದ್ಯಾವಳಿಗಳ ಮುನ್ನಾದಿನ ಸಾಮಾನ್ಯವಾಗಿ ಏರ್ಪಡುವ, ಒಬ್ಬ ವೃತ್ತಿಪರ ಆಟಗಾರ ಹಾಗೂ ಕೆಲವು ಹವ್ಯಾಸಿಗಳು ಒಂದು ತಂಡವಾಗಿ ಆಡುವ ಸ್ಪರ್ಧೆಯನ್ನು ‘ಪ್ರೊ-ಆಮ್’ ಎನ್ನುತ್ತಾರೆ. ಅಮೆರಿಕದಲ್ಲಿ ಗಾಯಕ ಬಿಂಗ್ ಕ್ರಾಸ್ಬಿ 1937ರಲ್ಲಿ ಆರಂಭಿಸಿದ ವಾರ್ಷಿಕ ಕೂಟ ಇದರ ಪ್ರಸಿದ್ಧ ಮಾದರಿ.

ಇಷ್ಟು ಅಸಮಾನರನ್ನು ಒಂದೇ ಅಂಕಪಟ್ಟಿಗೆ ತರುವುದು ‘ಹ್ಯಾಂಡಿಕ್ಯಾಪ್’, ಅಂದರೆ ಆಟಗಾರನ ಸಾಮರ್ಥ್ಯವನ್ನು ಅಳೆದು ಅವನಿಗೆ ಕೊಡುವ ಹೊಡೆತಗಳ ರಿಯಾಯಿತಿ. ಗಾಲ್ಫಿನ ಅತ್ಯಂತ ನ್ಯಾಯಯುತ ಕಲ್ಪನೆ ಇದೆನ್ನಬಹುದು. 18 ಕುಳಿಗಳ ಮೈದಾನದಲ್ಲಿ 18 ಹೊಡೆತಗಳ ರಿಯಾಯಿತಿ ಪಡೆದ ಹವ್ಯಾಸಿಗೆ ಪ್ರತಿ ಕುಳಿಯಲ್ಲೂ ಒಂದು ಹೊಡೆತ ಕಳೆಯುವುದರಿಂದ, ವೃತ್ತಿಪರನು 4 ಹೊಡೆತಗಳಲ್ಲಿ ಮುಗಿಸಿದ ಕುಳಿಯನ್ನು ಅವನೂ ನಾಲ್ಕರಲ್ಲೇ ಮುಗಿಸಿದರೆ ಅವನ ನಿವ್ವಳ ಅಂಕ 3 ಆಗುತ್ತದೆ, ಮತ್ತು ತಂಡದ ಅತ್ಯುತ್ತಮ ಅಂಕವನ್ನಷ್ಟೇ ಗಣಿಸುವ ಪದ್ಧತಿಯಲ್ಲಿ ಅದೇ ಇಡೀ ತಂಡದ ಅಂಕವಾಗಿ ದಾಖಲಾಗುತ್ತದೆ.

ರಿಯಾಯಿತಿ ಇಲ್ಲದೆಯೂ ಹವ್ಯಾಸಿ ಗೆಲ್ಲಬಲ್ಲನೆಂಬುದಕ್ಕೆ ಬೆಂಗಳೂರೇ ಸಾಕ್ಷಿ: ಇಲ್ಲಿಯೇ ಆಟ ಕಲಿತ ಅದಿತಿ ಅಶೋಕ್ 2011ರಲ್ಲಿ, ಕೇವಲ 13ರ ಹರೆಯದಲ್ಲಿ, ಭಾರತದ ಮಹಿಳಾ ವೃತ್ತಿಪರ ಸರಣಿಯ ಪಂದ್ಯಾವಳಿಯೊಂದನ್ನು ಹವ್ಯಾಸಿಯಾಗಿಯೇ ಗೆದ್ದರು, ಅವರು ವೃತ್ತಿಪರರಾದದ್ದು 2016ರಲ್ಲಿ, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದದ್ದು 2021ರಲ್ಲಿ.