ಗೊಮ್ಮಟನ ಪಾದದ ಬಳಿ ಇರುವ ಬರಹಗಳು: ಹೆಚ್ಚಿನವರು ಗಮನಿಸದ ಕೆಲವು ಸಂಗತಿಗಳು

ಶ್ರವಣಬೆಳಗೊಳದ ದೊಡ್ಡಬೆಟ್ಟ ಹತ್ತಿ ಭಗವಾನ್ ಬಾಹುಬಲಿಯ ದರ್ಶನ ಪಡೆಯದ ಜೈನ ಕುಟುಂಬ ಕರ್ನಾಟಕದಲ್ಲಿ ವಿರಳ. 58 ಅಡಿ ಎತ್ತರದ ಏಕಶಿಲಾ ಮೂರ್ತಿಯ ಎದುರು ನಿಂತವರ ಕಣ್ಣು ಸಹಜವಾಗಿಯೇ ಮೇಲಕ್ಕೆ, ಆ ಶಾಂತ ಮುಖದ ಕಡೆಗೆ ಹೋಗುತ್ತದೆ. ಆದರೆ ಮೂರ್ತಿಯನ್ನು ಮಾಡಿಸಿದವರು ಯಾರು ಎಂಬ ದಾಖಲೆ ಇರುವುದು ಕೆಳಗೆ, ಪಾದಗಳ ಎರಡೂ ಪಕ್ಕಗಳಲ್ಲಿ.

ಒಂದೇ ಮಾತು, ಮೂರು ಭಾಷೆ

ಅಲ್ಲಿರುವುದು ಉದ್ದನೆಯ ಪ್ರಶಸ್ತಿಯಲ್ಲ, ಪುಟ್ಟ ಪುಟ್ಟ ಸಾಲುಗಳು. ಹಳಗನ್ನಡದ ಸಾಲಿನಲ್ಲಿ ಶ್ರೀ ಚಾಮುಂಡರಾಜ 'ಮಾಡಿಸಿದಂ' ಎಂದಿದೆ. ಅದೇ ಮಾತು ಗ್ರಂಥ ಮತ್ತು ವಟ್ಟೆಳುತ್ತು ಲಿಪಿಗಳನ್ನು ಬಳಸಿ ತಮಿಳಿನಲ್ಲೂ, ನಾಗರಿ ಲಿಪಿಯಲ್ಲಿ ಮರಾಠಿಯಲ್ಲೂ ಇದೆ. ಗಂಗರ ದಂಡನಾಯಕನಾಗಿದ್ದ ಚಾವುಂಡರಾಯನೇ ಈ ಚಾಮುಂಡರಾಜ. ಬೇರೆ ಬೇರೆ ನಾಡುಗಳಿಂದ ಬರುವ ಯಾತ್ರಿಕರು ತಮ್ಮ ತಮ್ಮ ಭಾಷೆಯಲ್ಲೇ ಓದಿಕೊಳ್ಳಲು ಈ ಬರಹಗಳು ನೆರವಾಗುತ್ತಿದ್ದವು.

'ಮಾಡಿಸಿದ' ಎಂಬ ಪದವನ್ನೂ ಗಮನಿಸಬೇಕು. ಮಾಡಿಸಿದವನ ಹೆಸರು ಮೂರು ಭಾಷೆಗಳಲ್ಲಿದೆ. ಮಾಡಿದ ಶಿಲ್ಪಿಯ ಹೆಸರು ಆ ಸಾಲುಗಳಲ್ಲಿ ಎಲ್ಲೂ ಇಲ್ಲ.

ಸುತ್ತಾಲಯ ಚಾವುಂಡರಾಯನದಲ್ಲ

ಅಲ್ಲೇ ಗಂಗರಾಜನ ಹೆಸರಿನ ಸಾಲುಗಳೂ ಇವೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾಗಿದ್ದ ಆತ ಮೂರ್ತಿಯ ಸುತ್ತಲಿನ ಸುತ್ತಾಲಯವನ್ನು ಮಾಡಿಸಿದನೆಂದು ಅವು ಹೇಳುತ್ತವೆ. ಇದು ಹನ್ನೆರಡನೆಯ ಶತಮಾನದ ಕೆಲಸ. ಅಂದರೆ ಚಾವುಂಡರಾಯನ ಕಾಲದಲ್ಲಿ ದರ್ಶನಕ್ಕೆ ಬಂದವರಿಗೆ ಈಗಿನ ಆವರಣವಿರಲಿಲ್ಲ. ಬಂಡೆಯ ನೆತ್ತಿಯ ಮೇಲೆ ಮೂರ್ತಿ ಬಯಲಲ್ಲೇ ನಿಂತಿತ್ತು.

981 ಎಂಬ ವರ್ಷ ಎಲ್ಲಿಂದ ಬಂತು?

ಪಾದದ ಬಳಿಯ ಬರಹಗಳಲ್ಲಿ ವರ್ಷವಿಲ್ಲ. ಕಾಲವನ್ನು ಗೊತ್ತುಮಾಡಲು ಎರಡು ಕನ್ನಡ ಗ್ರಂಥಗಳು ಸಹಾಯಕ್ಕೆ ಬಂದವು. 978ರಲ್ಲಿ ಮುಗಿದ 'ಚಾವುಂಡರಾಯ ಪುರಾಣ'ದಲ್ಲಿ ಚಾವುಂಡರಾಯನ ಬಿರುದುಗಳು, ಸಾಧನೆಗಳು ಇವೆ. ಗೊಮ್ಮಟ ಮೂರ್ತಿಯ ಮಾತೇ ಇಲ್ಲ. 993ರ ಹೊತ್ತಿಗೆ ರನ್ನ ಕವಿ 'ಅಜಿತಪುರಾಣ'ದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಇಲ್ಲಿನ ಕುಕ್ಕುಟೇಶ್ವರನ ದರ್ಶನಕ್ಕೆ ಬಂದುದನ್ನು ಹೇಳುತ್ತಾನೆ. ಮೂರ್ತಿ ನಿಂತದ್ದು ಈ ಎರಡರ ನಡುವೆ. ಗ್ರಂಥಗಳಲ್ಲಿ ಬರುವ ತಿಥಿ, ನಕ್ಷತ್ರಗಳನ್ನು ಲೆಕ್ಕ ಹಾಕಿ ವಿದ್ವಾಂಸರು ವರ್ಷವನ್ನು ಹುಡುಕಿದರು. 981 ಹೆಚ್ಚಿನವರಿಗೆ ಒಪ್ಪಿಗೆಯಾಯಿತು. 1981ರಲ್ಲಿ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕ ನಡೆದದ್ದು ಇದೇ ಲೆಕ್ಕದ ಮೇಲೆ.

ಬೊಪ್ಪಣನ ಶಾಸನ

ಮನೆಗಳಲ್ಲಿ ಮಕ್ಕಳಿಗೆ ಹೇಳುವ ಪೌದನಪುರದ ಕಥೆ ಸುಮಾರು 1180ರ ಬೊಪ್ಪಣ ಪಂಡಿತನ ಕನ್ನಡ ಪದ್ಯಶಾಸನದಲ್ಲಿದೆ. ಭರತನು ಪೌದನಪುರದಲ್ಲಿ ಬಾಹುಬಲಿಯ ಮೂರ್ತಿ ನಿಲ್ಲಿಸಿದ್ದು, ಅದರ ಸುತ್ತ ಕುಕ್ಕುಟಸರ್ಪಗಳು ಹಬ್ಬಿ ಅಲ್ಲಿಗೆ ಹೋಗಲಾಗದಂತಾದದ್ದು, ಆಗ ಚಾವುಂಡರಾಯ ಇಲ್ಲೇ ಮೂರ್ತಿ ಮಾಡಿಸಿದ್ದು ಎಲ್ಲವನ್ನೂ ಬೊಪ್ಪಣ ವರ್ಣಿಸಿದ್ದಾನೆ. ಕುಕ್ಕುಟೇಶ್ವರ ಎಂಬ ಹೆಸರಿನ ಹಿನ್ನೆಲೆಯೂ ಇದೇ. ಈ ಶಾಸನ ಮೂರ್ತಿಗಿಂತ ಸುಮಾರು ಇನ್ನೂರು ವರ್ಷ ಈಚಿನದು ಎಂಬುದು ನೆನಪಿರಲಿ. ಪಾದದ ಬಳಿಯ ಸಾಲು ಹೇಳುವುದು ಮಾಡಿಸಿದವನ ಹೆಸರನ್ನು ಮಾತ್ರ. ಶಾಸನ ಹೇಳುವುದು ಭಕ್ತರ ನೆನಪಿನಲ್ಲಿ ಉಳಿದು ಬಂದ ಕಥೆಯನ್ನು. ಎರಡಕ್ಕೂ ಬೆಲೆಯಿದೆ, ಆದರೆ ಎರಡೂ ಒಂದೇ ಅಲ್ಲ.

ಲಲಿತ ಸರೋವರ

ಮೂರ್ತಿಯ ಎಡಭಾಗದಲ್ಲಿ ದುಂಡಗಿನ ಕಲ್ಲಿನ ತೊಟ್ಟಿಯೊಂದಿದೆ. ಹೆಸರು ಲಲಿತ ಸರೋವರ. ಎದುರಿನ ಹುತ್ತದ ಕೆತ್ತನೆಯ ಮೇಲೆ ಈ ಹೆಸರನ್ನೂ ಕೊರೆದಿದ್ದಾರೆ. ಅಭಿಷೇಕದ ನೀರು ಸೇರುವುದು ಇಲ್ಲಿಗೆ. ತುಂಬಿ ಮಿಕ್ಕದ್ದು ಹೊರಹೋಗಲು ಮುಚ್ಚಿದ ಕಾಲುವೆಯನ್ನೂ ಹಿಂದಿನವರು ಮಾಡಿಟ್ಟಿದ್ದಾರೆ.

ಉಳಿಸಿಕೊಳ್ಳಬೇಕಾದದ್ದು

ಇಷ್ಟು ದೊಡ್ಡ ಮೂರ್ತಿಯ ಬಗ್ಗೆ ಮೂರ್ತಿಯ ಬಳಿಯೇ ಉಳಿದಿರುವ ನೇರ ಸಾಕ್ಷಿ ಈ ಕೆಲವೇ ಅಕ್ಷರಗಳು. ಕೈಯಿಂದ ಉಜ್ಜಿದರೆ, ಅರಿಶಿನ ಕುಂಕುಮ ಮೆತ್ತಿದರೆ, ನಾಣ್ಯ ಒತ್ತಿದರೆ ಕಲ್ಲಿನ ಬರಹ ಸವೆಯುತ್ತದೆ. ಸವೆದ ಅಕ್ಷರವನ್ನು ಮತ್ತೆ ತರಲಾಗದು. ಮುಂದಿನ ಸಲ ಬೆಟ್ಟ ಹತ್ತಿದಾಗ ದರ್ಶನ ಮುಗಿಸಿ, ನಿಂತ ಜಾಗದಿಂದಲೇ ಮಕ್ಕಳಿಗೆ ಆ ಸಾಲುಗಳನ್ನು ತೋರಿಸಿ. ಸಾವಿರ ವರ್ಷದ ಹಿಂದಿನ ಕನ್ನಡದ ಒಂದು ಪದವನ್ನಾದರೂ ಅವರು ಗುರುತಿಸಬಲ್ಲರು.